ತೊಗರಿ ರಾಶಿಗೆ ಮೊದಲೇ ಬರುವ ಫೀಸಿನ ದಿನ

ಓದುಗರ ಪ್ರಶ್ನೆ – ಬಲ್ಲವರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ನರ್ಸಿಂಗ್ ಓದಿನ ಖರ್ಚಿನ ಬಗ್ಗೆಯೇ ಇವೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಿಂದ ಬಂದ ಏಳು ಪ್ರಶ್ನೆಗಳನ್ನು ಆಯ್ದುಕೊಂಡಿದ್ದೇವೆ. ನರ್ಸಿಂಗ್ ಬೋಧಕರು ಮತ್ತು ವಿದ್ಯಾರ್ಥಿವೇತನ, ಬ್ಯಾಂಕ್ ಸಾಲದ ಕೆಲಸ ಬಲ್ಲವರು ಸೇರಿ ಉತ್ತರ ಕೊಟ್ಟಿದ್ದಾರೆ.

ಪ್ರಶ್ನೆ: ಅಕ್ಕೋರೇ, ನಮ್ದು ಆರು ಎಕರೆ ಒಣಭೂಮಿ, ತೊಗರಿ ಬಿಟ್ರ ಬ್ಯಾರೆ ಬೆಳಿ ಇಲ್ಲ. ಮಗಳು ಪಿಯುಸಿ ಸೈನ್ಸ್ ಮುಗಿಸ್ಯಾಳ, ಬಿ.ಎಸ್ಸಿ ನರ್ಸಿಂಗ್ ಸೀಟು ಸಿಗ್ತದಂತ ಆಸೆ ಅದ. ರಾಶಿ ಆಗೋದು ಸಂಕ್ರಾಂತಿ ಸುಮಾರಿಗೆ, ಫೀಸು ಕೇಳೋದು ಅದಕ್ಕೂ ಮೊದಲೇ. ಸಾಹುಕಾರರ ಹತ್ರ ನೂರಕ್ಕ ಮೂರು ರೂಪಾಯಿ ಬಡ್ಡಿಗೆ ರೊಕ್ಕ ಸಿಗ್ತದ. ತಗೋಬೇಕೋ ಬ್ಯಾಡೋ?
– ಒಬ್ಬ ತಾಯಿ, ಆಳಂದ ತಾಲ್ಲೂಕು

ಉತ್ತರ: ತೆಗೆದುಕೊಳ್ಳಬೇಡಿರಮ್ಮ. ಕಾರಣವನ್ನು ಲೆಕ್ಕದಲ್ಲೇ ನೋಡಿ. ನೂರಕ್ಕೆ ಮೂರು ಎಂದರೆ ತಿಂಗಳಿಗೆ ಮೂರು, ವರ್ಷಕ್ಕೆ ಮೂವತ್ತಾರು. 60,000 ರೂಪಾಯಿ ತಂದರೆ ತಿಂಗಳ ಬಡ್ಡಿ 1,800. ಸೆಪ್ಟೆಂಬರ್‌ನಲ್ಲಿ ತಂದು ರಾಶಿ ಮಾರಿ ಫೆಬ್ರುವರಿಯಲ್ಲಿ ತೀರಿಸಿದರೂ ಐದು ತಿಂಗಳಿಗೆ 9,000 ಬಡ್ಡಿಗೇ ಹೋಯಿತು. ಆ ವರ್ಷ ತೊಗರಿಗೆ ನೆಟೆ ರೋಗ ಬಿದ್ದರೆ ಸಾಲ ಮುಂದಿನ ರಾಶಿಗೆ ಹೋಗುತ್ತದೆ. ಹದಿನೇಳು ತಿಂಗಳಿಗೆ ಬಡ್ಡಿ 30,600. ಅಷ್ಟರಲ್ಲಿ ಎರಡನೇ ವರ್ಷದ ಫೀಸೂ ಬಂದಿರುತ್ತದೆ. ಓದು ಅರ್ಧಕ್ಕೆ ನಿಲ್ಲುವುದು ಬಹುಮಟ್ಟಿಗೆ ಇಂಥ ಎರಡನೇ ವರ್ಷದಲ್ಲೇ. ಅದೇ 60,000ಕ್ಕೆ ಬ್ಯಾಂಕಿನಲ್ಲಿ ವರ್ಷಕ್ಕೆ ನೂರಕ್ಕೆ ಹತ್ತರಂತೆ ಹಿಡಿದರೆ ಐದು ತಿಂಗಳಿಗೆ 2,500.

ಶಿಕ್ಷಣ ಸಾಲಕ್ಕೆ ಸೀಟು ಸಿಕ್ಕ ಮೇಲೆ ಓಡಾಡಿದರೆ ಫೀಸಿನ ಕೊನೆಯ ದಿನ ದಾಟಿಹೋಗುತ್ತದೆ. ಈಗಲೇ ಕೆಲಸ ಶುರು ಮಾಡಿ. ಮಗಳ ಹೆಸರಿನಲ್ಲಿ ಖಾತೆ ತೆರೆಸಿ, ಅವಳದೂ ಅವಳ ತಂದೆಯದೂ (ಇಲ್ಲವೆ ನಿಮ್ಮದೂ) ಪ್ಯಾನ್ ಕಾರ್ಡ್ ಮಾಡಿಸಿ. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ಆಧಾರ್, ಆದಾಯ ಪ್ರಮಾಣಪತ್ರ ಒಂದೇ ಕಡತದಲ್ಲಿರಲಿ. ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸೀಟು ಹಂಚಿಕೆ ಪತ್ರ ಬಂದ ದಿನವೇ ಕಾಲೇಜಿನಿಂದ ಎರಡು ಕಾಗದ ಕೇಳಿ. ಒಂದು, ನಾಲ್ಕೂ ವರ್ಷದ ಖರ್ಚನ್ನು ಬಿಡಿಬಿಡಿಯಾಗಿ ಬರೆದ ಪತ್ರ. ಇನ್ನೊಂದು, ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನ್ಯತೆಯ ಪ್ರತಿ. ಕೇಂದ್ರದ ಶಿಕ್ಷಣ ಸಾಲದ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಅದರ ಪ್ರಿಂಟ್ ಹಿಡಿದು ನಿಮ್ಮೂರಿಗೆ ಹತ್ತಿರದ ಶಾಖೆಗೂ ಹೋಗಿ. ಆನ್‌ಲೈನ್ ಅರ್ಜಿ ಹಾಕಿ ಮನೆಯಲ್ಲಿ ಕುಳಿತರೆ ಅದು ಅಲ್ಲೇ ಬಿದ್ದಿರುತ್ತದೆ.

4 ಲಕ್ಷದವರೆಗಿನ ಸಾಲಕ್ಕೆ ಹೊಲ, ಮನೆ ಅಡ ಇಡಬೇಕಿಲ್ಲ. ತಂದೆ ಅಥವಾ ತಾಯಿ ಜೊತೆ ಸಾಲಗಾರರಾಗಿ ಸಹಿ ಮಾಡಿದರೆ ಸಾಕು. 7.5 ಲಕ್ಷದವರೆಗಿನ ಸಾಲಕ್ಕೆ ಕೇಂದ್ರದ ಖಾತರಿ ನಿಧಿಯ ರಕ್ಷಣೆ ಇದೆ. ಅರ್ಜಿ ತಿರಸ್ಕರಿಸುವುದಾದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಿ ಎಂದು ಕೇಳಿ. ಬಾಯಿಮಾತಿನ ‘ಆಗಲ್ಲ’ ಹಿಡಿದುಕೊಂಡು ಲೀಡ್ ಬ್ಯಾಂಕ್ ಮ್ಯಾನೇಜರ್ (ಜಿಲ್ಲೆಯ ಬ್ಯಾಂಕುಗಳ ಸಮನ್ವಯ ನೋಡುವವರು) ಹತ್ತಿರ ಹೋದರೆ ಅವರಿಗೂ ಮಾಡಲು ಏನೂ ಇರುವುದಿಲ್ಲ. ನಮ್ಮ ಭಾಗದಲ್ಲಿ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ತಂದೆಯ ಹಳೆಯ ಬೆಳೆಸಾಲದಲ್ಲಿ. ಅದು ಸುಸ್ತಿಯಾಗಿದ್ದರೆ ಸಿಬಿಲ್ ಅಂಕ (ಸಾಲ ತೀರಿಸಿದ ಚರಿತ್ರೆಗೆ ಕೊಡುವ ಅಂಕ) ಬಿದ್ದಿರುತ್ತದೆ. ಹಾಗಿದ್ದರೆ ಬಾಕಿ ಇಲ್ಲದ ತಾಯಿಯನ್ನು ಜೊತೆ ಸಾಲಗಾರರನ್ನಾಗಿ ಮಾಡಬಹುದೇ ಎಂದು ಮೊದಲೇ ಮಾತಾಡಿಕೊಳ್ಳಿ.

ಇನ್ನೊಂದು ತಪ್ಪು ಬಹಳ ಮನೆಗಳಲ್ಲಿ ಆಗುತ್ತದೆ. ಸಾಲದ ಅರ್ಜಿಯಲ್ಲಿ ಬೋಧನಾ ಶುಲ್ಕ ಮಾತ್ರ ಬರೆಯುತ್ತಾರೆ. ಹಾಸ್ಟೆಲ್, ಪರೀಕ್ಷಾ ಶುಲ್ಕ, ಪುಸ್ತಕ, ಸಮವಸ್ತ್ರ, ಉಪಕರಣ ಇವೂ ಶಿಕ್ಷಣ ಸಾಲದೊಳಗೆ ಬರುತ್ತವೆ. ಮೊದಲ ಅರ್ಜಿಯಲ್ಲಿ ಬರೆಯದಿದ್ದರೆ ನಡುವೆ ಸೇರಿಸುವುದು ಕಷ್ಟ, ಆಗ ಮತ್ತೆ ಸಾಹುಕಾರರ ಕಟ್ಟೆಗೇ ಹೋಗಬೇಕಾಗುತ್ತದೆ.

ತೀರಿಸುವ ಲೆಕ್ಕವನ್ನೂ ಈಗಲೇ ನೋಡಿಕೊಳ್ಳಿ. ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ ಸಾಲ ಎತ್ತಿದಿರಿ, ಬಡ್ಡಿ ನೂರಕ್ಕೆ 10 ಎಂದುಕೊಳ್ಳಿ. ಓದು ಮುಗಿದು ಇನ್ನೊಂದು ವರ್ಷದ ತನಕ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಸುಮ್ಮನಿರುವುದಿಲ್ಲ. ಮೊದಲ ಲಕ್ಷಕ್ಕೆ ಐದು ವರ್ಷ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು ವರ್ಷ – ಒಟ್ಟು 1.4 ಲಕ್ಷ ಬಡ್ಡಿ ಸೇರಿ ಸಾಲ 5.4 ಲಕ್ಷ ಆಗಿರುತ್ತದೆ. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳ ಕಂತು ಸುಮಾರು 7,100. ಬಡ್ಡಿಯನ್ನು ಆಗಾಗಲೇ ಕಟ್ಟಿಕೊಂಡು ಬಂದರೆ ಕಂತು ಸುಮಾರು 5,300ಕ್ಕೆ ನಿಲ್ಲುತ್ತದೆ. ಮೊದಲ ವರ್ಷ ಆ ಬಡ್ಡಿ ತಿಂಗಳಿಗೆ 833 ರೂಪಾಯಿ ಅಷ್ಟೆ.

ಕುಟುಂಬದ ವರ್ಷದ ಆದಾಯ 4.5 ಲಕ್ಷದೊಳಗಿದ್ದರೆ ಈ 1.4 ಲಕ್ಷದ ಬಡ್ಡಿಯನ್ನು ಕೇಂದ್ರದ ಬಡ್ಡಿ ಸಹಾಯಧನ ಯೋಜನೆಯೇ ತುಂಬಬಹುದು. ನರ್ಸಿಂಗ್ ಕೋರ್ಸಿಗೆ ಇಲ್ಲೂ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಮುಖ್ಯ. ಆದಾಯ ಪ್ರಮಾಣಪತ್ರವನ್ನು ಸಾಲ ಮಂಜೂರಾಗುವಾಗಲೇ ಕೊಟ್ಟು, ‘ಬಡ್ಡಿ ಸಹಾಯಧನಕ್ಕೆ ನಮ್ಮ ಖಾತೆ ಸೇರಿಸಿದ್ದೀರಾ’ ಎಂದು ಪ್ರತಿ ವರ್ಷ ಕೇಳಿ. ಕೇಳದಿದ್ದರೆ ಬಿಟ್ಟುಹೋಗುವ ಸೌಲಭ್ಯ ಇದು. ಓದು ನಡುವೆ ಬಿಟ್ಟರೆ ಸಹಾಯಧನ ಸಿಗುವುದಿಲ್ಲ.

ಸಾಲ ಮಂಜೂರಾಗುವ ತನಕ ಹದಿನೈದು–ಇಪ್ಪತ್ತು ದಿನ ಕೈಗೆ ಹಣ ಬೇಕೇ ಬೇಕೆಂದರೆ, ಮನೆಯಲ್ಲಿ ಒಂದೆರಡು ತೊಲ ಬಂಗಾರ ಇದ್ದರೆ ಬ್ಯಾಂಕಿನಲ್ಲೇ ಇಟ್ಟು ತನ್ನಿ. ಕಾಲೇಜಿಗೆ ಕಟ್ಟಿದ ರಶೀದಿ ಜೋಪಾನವಾಗಿರಲಿ. ಅದನ್ನು ತೋರಿಸಿದರೆ ಆ ಹಣವನ್ನು ನಿಮ್ಮ ಖಾತೆಗೇ ಕೊಡುತ್ತೀರಾ ಎಂದು ಶಾಖೆಯಲ್ಲಿ ಮೊದಲೇ ಕೇಳಿಕೊಂಡು ಕಟ್ಟಿ.

ಪ್ರಶ್ನೆ: ಏಜೆಂಟ್ ಒಬ್ಬರು ‘ಕ್ಲಾಸಿಗೆ ಬರೋದೇ ಬೇಡ, ಪರೀಕ್ಷೆಗೆ ಬಂದರೆ ಸಾಕು, ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಸರ್ಟಿಫಿಕೇಟ್ ಕೊಡಿಸ್ತೀನಿ’ ಅಂತಾರೆ. ಇನ್ನೊಬ್ಬರು ಒಂದೇ ವರ್ಷದ ನರ್ಸಿಂಗ್ ಕೋರ್ಸ್ ಇದೆ, ಖರ್ಚು ಕಡಿಮೆ ಅಂತಾರೆ. ಯಾವುದು ಮೇಲು?
– ವಿದ್ಯಾರ್ಥಿನಿ, ಹುಮನಾಬಾದ್

ಉತ್ತರ: ಎರಡೂ ಬೇಡ ತಂಗಿ. ನಮ್ಮ ರಾಜ್ಯದಲ್ಲಿ ನರ್ಸ್ ಆಗಿ ಕೆಲಸ ಮಾಡಲು ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿ ಆಗಬೇಕು. ಪಿಯುಸಿ ನಂತರ ಆ ನೋಂದಣಿಗೆ ದಾರಿ ಮೂರೇ: ಎರಡು ವರ್ಷದ ಎಎನ್‌ಎಂ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ ಕೋರ್ಸು), ಮೂರು ವರ್ಷದ ಜಿಎನ್‌ಎಂ, ನಾಲ್ಕು ವರ್ಷದ ಬಿ.ಎಸ್ಸಿ ನರ್ಸಿಂಗ್. ಆರು ತಿಂಗಳು, ಒಂದು ವರ್ಷದ ‘ನರ್ಸಿಂಗ್’ ಕೋರ್ಸುಗಳಿಂದ ಸಹಾಯಕರ ಕೆಲಸ ಸಿಗಬಹುದು. ನೋಂದಣಿ ಸಿಗುವುದಿಲ್ಲ, ಸರ್ಕಾರಿ ನೇಮಕಾತಿಗೆ ಅರ್ಜಿ ಹಾಕಲೂ ಬರುವುದಿಲ್ಲ. ಕಟ್ಟಿದ ಹಣ ಅಲ್ಲಿಗೇ ಮುಗಿಯಿತು.

ಕ್ಲಾಸಿಗೆ ಹೋಗದ ಸೀಟಿನ ಅಪಾಯ ಇನ್ನೂ ದೊಡ್ಡದು. ಕಾಗದದ ಮೇಲೆ ಹಾಜರಿ ತುಂಬಿ ಕೊಟ್ಟ ಸರ್ಟಿಫಿಕೇಟು ನೋಂದಣಿಯ ಹೊತ್ತಿನಲ್ಲೋ, ಕೆಲಸ ಕೊಟ್ಟ ಆಸ್ಪತ್ರೆ ಪರಿಶೀಲನೆಗೆ ಕಳಿಸಿದಾಗಲೋ, ಹೊರದೇಶಕ್ಕೆ ಹೊರಟಾಗಲೋ ಸಿಕ್ಕಿಬೀಳಬಹುದು. ಅದಕ್ಕಿಂತ ಮುಖ್ಯ ಮಾತು, ಇಂಜೆಕ್ಷನ್ ಕೈ ವಾರ್ಡಿನಲ್ಲೇ ಕಲಿಯಬೇಕು. ಕಲಿಯದೆ ರೋಗಿಯ ಮುಂದೆ ನಿಲ್ಲುವುದು ತಪ್ಪು.

ಯಾವುದೇ ಕಾಲೇಜಿಗೆ ಒಂದು ರೂಪಾಯಿ ಕೊಡುವ ಮೊದಲು ಭಾರತೀಯ ನರ್ಸಿಂಗ್ ಪರಿಷತ್ತಿನ ವೆಬ್‌ಸೈಟಿನ ಪಟ್ಟಿ ತೆರೆದು, ಕಾಲೇಜಿನ ಪೂರ್ತಿ ಹೆಸರು, ಊರು, ಕೋರ್ಸು, ಸೀಟುಗಳ ಸಂಖ್ಯೆ ಮತ್ತು ಯಾವ ಶೈಕ್ಷಣಿಕ ವರ್ಷದ ಪಟ್ಟಿ ಎಂಬುದನ್ನು ನೋಡಿ. ಒಂದೇ ಸಂಸ್ಥೆಗೆ ಜಿಎನ್‌ಎಂಗೆ ಮಾನ್ಯತೆ ಇದ್ದು ಬಿ.ಎಸ್ಸಿಗೆ ಇಲ್ಲದಿರಬಹುದು. ಬಿ.ಎಸ್ಸಿ ಆದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆಯನ್ನೂ ನೋಡಿಕೊಳ್ಳಿ.

ಪ್ರಶ್ನೆ: ಜಿಎನ್‌ಎಂ ಮೂರೇ ವರ್ಷ, ಖರ್ಚು ಕಡಿಮೆ. ಬಿ.ಎಸ್ಸಿ ನಾಲ್ಕು ವರ್ಷ. ಬಡವರಿಗೆ ಯಾವುದು ಸರಿ? ಸಂವಿಧಾನದ 371(ಜೆ) ವಿಧಿ ಇದಕ್ಕೆ ಉಪಯೋಗಕ್ಕೆ ಬರುತ್ತದೆಯೇ?
– ಸೇಡಂ

ಉತ್ತರ: ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಓದಿದ್ದು, ಸರ್ಕಾರಿ ಕೋಟಾದಲ್ಲಿ ಸೀಟು ಸಿಗುವಂತಿದ್ದರೆ ಬಿ.ಎಸ್ಸಿಯೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಜಿಎನ್‌ಎಂ ಮುಗಿಸಿ ಮುಂದೆ ಪೋಸ್ಟ್ ಬೇಸಿಕ್ ಬಿ.ಎಸ್ಸಿ ಮಾಡುವುದಾದರೆ ಇನ್ನೆರಡು ವರ್ಷ. ಒಟ್ಟು ಐದು ವರ್ಷದ ಫೀಸು ಆಯಿತು. ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ಹುದ್ದೆಗೆ (ಏಳನೇ ವೇತನ ಆಯೋಗದಂತೆ ಮೂಲ ವೇತನ 44,900) ಬಿ.ಎಸ್ಸಿಯವರು ನೇರವಾಗಿ ಅರ್ಜಿ ಹಾಕಬಹುದು. ಜಿಎನ್‌ಎಂ ಆದವರು ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷ ಕೆಲಸ ಮಾಡಿರಬೇಕು. ಕಲೆ, ವಾಣಿಜ್ಯ ಓದಿದವರಿಗೆ ಜಿಎನ್‌ಎಂ ಒಳ್ಳೆಯ ದಾರಿ, ಅನುಮಾನವಿಲ್ಲ.

371(ಜೆ) ಖಂಡಿತ ಉಪಯೋಗಕ್ಕೆ ಬರುತ್ತದೆ. ಕಲ್ಯಾಣ ಕರ್ನಾಟಕದ ವೃತ್ತಿಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ 70, ರಾಜ್ಯದ ಉಳಿದ ಕಡೆ ನೂರಕ್ಕೆ 8 ಸೀಟುಗಳಲ್ಲಿ ನಮ್ಮ ಭಾಗದವರಿಗೆ ಮೀಸಲಾತಿ ಇದೆ. ಅದಕ್ಕೆ ಬೇಕಾದ ಅರ್ಹತಾ ಪ್ರಮಾಣಪತ್ರ ಕೊಡುವವರು ಉಪವಿಭಾಗದ ಸಹಾಯಕ ಆಯುಕ್ತರು. ನಿಮ್ಮ ಸೇಡಂನಲ್ಲೇ ಆ ಕಚೇರಿ ಇದೆ. ಸಿಇಟಿ ಅರ್ಜಿ ತುಂಬುವಾಗಲೇ ಈ ಮೀಸಲಾತಿ ಕೇಳಿರಬೇಕು, ಆದ್ದರಿಂದ ದ್ವಿತೀಯ ಪಿಯುಸಿ ಶುರುವಾದಾಗಲೇ ಮಾಡಿಸಿಡಿ. ಸರ್ಕಾರಿ ಕೋಟಾದ ಸೀಟಿಗೂ ಮ್ಯಾನೇಜ್‌ಮೆಂಟ್ ಸೀಟಿಗೂ ನಾಲ್ಕು ವರ್ಷದಲ್ಲಿ ಆಗುವ ವ್ಯತ್ಯಾಸದ ಮುಂದೆ ಈ ಒಂದು ಕಾಗದಕ್ಕಾಗಿ ಅಲೆದ ಖರ್ಚು ಏನೂ ಅಲ್ಲ.

ಪ್ರಶ್ನೆ: ನಾನು ಎರಡನೇ ವರ್ಷದ ವಿದ್ಯಾರ್ಥಿ. ಎಸ್‌ಎಸ್‌ಪಿಯಲ್ಲಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದೆ. ಮಂಜೂರಾಗಿದೆ ಎಂದು ತೋರಿಸುತ್ತದೆ, ಖಾತೆಗೆ ಹಣ ಬಂದಿಲ್ಲ. ಗೆಳೆಯರಿಗೆಲ್ಲ ಬಂದಿದೆ.
– ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಹಣ ಬಹುಶಃ ಬೇರೆ ಖಾತೆಗೆ ಹೋಗಿದೆ. ಎಸ್‌ಎಸ್‌ಪಿ ಹಣ ಹೋಗುವುದು ನೀವು ಪಾಸ್‌ಬುಕ್ ಕೊಟ್ಟ ಖಾತೆಗಲ್ಲ, ಎನ್‌ಪಿಸಿಐನಲ್ಲಿ (ಬ್ಯಾಂಕುಗಳ ನಡುವಿನ ಹಣ ಪಾವತಿ ನೋಡಿಕೊಳ್ಳುವ ಸಂಸ್ಥೆ) ನಿಮ್ಮ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಆ ಖಾತೆಗೆ. ಮೊಬೈಲ್ ಸಿಮ್ ಕೊಳ್ಳುವಾಗ ಬೆರಳಚ್ಚು ಕೊಟ್ಟು ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆ ಒಂದು ಇದ್ದು, ಅದೇ ಕೊನೆಗೆ ಜೋಡಣೆಯಾಗಿರುವುದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ಮೊದಲು ಆಧಾರ್ ವೆಬ್‌ಸೈಟಿನಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಥಿತಿ’ ನೋಡಿ. ಬ್ಯಾಂಕಿನ ಹೆಸರು, ಜೋಡಣೆಯಾದ ದಿನಾಂಕ ಎರಡೂ ಕಾಣುತ್ತವೆ. ಅಲ್ಲಿರುವ ಬ್ಯಾಂಕಿನ ಖಾತೆ ತೆರೆದು ನೋಡಿ, ಹಣ ಅಲ್ಲೇ ಕುಳಿತಿರಬಹುದು. ಆಮೇಲೆ ನಿಮಗೆ ಬೇಕಾದ ಶಾಖೆಗೆ ಹೋಗಿ ‘ಡಿಬಿಟಿಗೆ ಆಧಾರ್ ಸೀಡಿಂಗ್’ (ಸರ್ಕಾರದ ಹಣ ನೇರವಾಗಿ ಖಾತೆಗೆ ಬರಲು ಆಧಾರ್ ಜೋಡಣೆ) ಫಾರಂ ಕೊಡಿ. ಬರೀ ‘ಆಧಾರ್ ಲಿಂಕ್’ ಎಂದರೆ ಕೆವೈಸಿ (ಗುರುತಿನ ದಾಖಲೆ ಪರಿಶೀಲನೆ) ಮಾಡಿ ಕಳಿಸುತ್ತಾರೆ. ಎರಡೂ ಬೇರೆ ಬೇರೆ.

ಜೋಡಣೆ ಸರಿಯಿದ್ದರೆ ಹೆಸರು ನೋಡಿ. ಅಂಕಪಟ್ಟಿಯಲ್ಲಿ ಇರುವಂತೆಯೇ ಆಧಾರ್‌ನಲ್ಲೂ ಇರಬೇಕು. ತಂದೆಯ ಹೆಸರು, ಅಡ್ಡಹೆಸರು ಹಿಂದುಮುಂದಾಗುವುದು ನಮ್ಮ ಕಡೆ ಸಾಮಾನ್ಯ. ತಿದ್ದಬೇಕಾದದ್ದು ಆಧಾರ್, ಅಂಕಪಟ್ಟಿಯಲ್ಲ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ ಇರುತ್ತದೆ. ಪಿಯುಸಿಗೆಂದು ಮಾಡಿಸಿದ್ದು ನಾಲ್ಕು ವರ್ಷದ ಕೋರ್ಸಿನ ನಡುವೆಯೇ ಮುಗಿಯುತ್ತದೆ. ಆ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಹಾಕಿದಾಗ ಅರ್ಜಿ ಮುಂದೆ ಹೋಗದಿದ್ದರೆ ಮೊದಲು ಅದರ ದಿನಾಂಕ ನೋಡಿ.

ಸರ್ಕಾರಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ಊಟ–ವಸತಿ ನೆರವು ಇದೆ. ಮನೆಯಲ್ಲಿ ಜಮೀನಿದ್ದರೆ ರೈತ ವಿದ್ಯಾನಿಧಿಯನ್ನೂ ನೋಡಿ. ನರ್ಸಿಂಗ್ ಓದುವ ಹುಡುಗರಿಗೆ ವರ್ಷಕ್ಕೆ 7,500, ಹುಡುಗಿಯರಿಗೆ 8,000 ಎಂದು ನಿಗದಿಯಾಗಿದೆ. ಇದಕ್ಕೆ ತಂದೆ ಅಥವಾ ತಾಯಿಯ ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಇರಬೇಕು. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದರೆ ಐಡಿ ಆಗುವುದಿಲ್ಲ, ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಮಾಡಿಸಬೇಕು. ನರ್ಸಿಂಗ್ ಪ್ರವೇಶ ತಡವಾಗಿ ಮುಗಿಯುವುದರಿಂದ ಎಸ್‌ಎಸ್‌ಪಿಯ ಕೊನೆಯ ದಿನಾಂಕದ ಹೊತ್ತಿಗೆ ಕಾಲೇಜಿನಲ್ಲಿ ನೋಂದಣಿ ಸಂಖ್ಯೆಯೇ ಬಂದಿರುವುದಿಲ್ಲ ಎಂಬ ತೊಂದರೆಯೂ ಇದೆ. ಆಗ ಕಾಲೇಜಿನ ಕಚೇರಿಯಿಂದ ಇಲಾಖೆಗೆ ಪತ್ರ ಬರೆಸಿ, ಪ್ರತಿ ಇಟ್ಟುಕೊಳ್ಳಿ.

ಪ್ರಶ್ನೆ: ನಾನು ಕಲಬುರಗಿಯಲ್ಲಿ ಓದುತ್ತಿದ್ದೇನೆ. ಒಂದು ಖಾಸಗಿ ಆಸ್ಪತ್ರೆಯಲ್ಲಿ ರಾತ್ರಿ ಎಂಟರಿಂದ ಬೆಳಗಿನ ಎಂಟರ ತನಕ ಡ್ಯೂಟಿ ಮಾಡಿದರೆ ಸಂಬಳ ಕೊಡುತ್ತಾರಂತೆ. ಹಾಸ್ಟೆಲ್ ಖರ್ಚು ಕಳೆಯುತ್ತದೆ. ಮಾಡಲೇ?
– ಚಿತ್ತಾಪುರ ತಾಲ್ಲೂಕಿನ ವಿದ್ಯಾರ್ಥಿನಿ

ಉತ್ತರ: ನಿನ್ನ ಕಷ್ಟ ಅರ್ಥವಾಗುತ್ತದೆ, ಆದರೂ ಬೇಡವೆನ್ನುತ್ತೇವೆ. ಪರೀಕ್ಷೆಗೆ ಕೂರಲು ತರಗತಿಯಲ್ಲೂ ಪ್ರಾಯೋಗಿಕದಲ್ಲೂ ನೂರಕ್ಕೆ 80 ಹಾಜರಿ ಬೇಕು. ಪದವಿ ಕೈಗೆ ಬರಬೇಕಾದರೆ ವಾರ್ಡ್ ಪೋಸ್ಟಿಂಗ್ (ಕಲಿಕೆಗಾಗಿ ಆಸ್ಪತ್ರೆಯಲ್ಲಿ ಮಾಡುವ ಡ್ಯೂಟಿ) ಹಾಜರಿ ನೂರಕ್ಕೆ ನೂರು ಆಗಿರಬೇಕು. ತಪ್ಪಿದ ಗಂಟೆಗಳನ್ನೆಲ್ಲ ಮತ್ತೆ ಮಾಡಿಯೇ ತೀರಬೇಕು. ರಾತ್ರಿ ಹನ್ನೆರಡು ತಾಸು ನಿಂತವಳು ಬೆಳಿಗ್ಗೆ ವಾರ್ಡಿಗೆ ಹೋಗುವುದು ಒಂದು ವಾರ ಆದೀತು, ಒಂದು ತಿಂಗಳಾಗದು. ಹಾಜರಿ ಕೊರತೆಯಾಗಿ ಒಂದು ಸೆಮಿಸ್ಟರ್ ಹಿಂದೆ ಬಿದ್ದರೆ ಮತ್ತೆ ಹಾಸ್ಟೆಲ್, ಮತ್ತೆ ಪರೀಕ್ಷಾ ಶುಲ್ಕ, ವಿದ್ಯಾರ್ಥಿವೇತನದ ನವೀಕರಣಕ್ಕೂ ತೊಡಕು. ಮೊದಲ ಸಂಬಳ ಕೈಗೆ ಬರುವುದೂ ಅಷ್ಟು ತಿಂಗಳು ತಡ. ರಾತ್ರಿ ದುಡಿದದ್ದೆಲ್ಲ ಅಲ್ಲಿಗೆ ಸಮ ಆಗಿಹೋಗುತ್ತದೆ.

ಇನ್ನೊಂದು ಮಾತು. ನಿನಗೆ ಇನ್ನೂ ನೋಂದಣಿ ಇಲ್ಲ. ನಿದ್ದೆಗಣ್ಣಿನಲ್ಲಿ ಡೋಸ್ ತಪ್ಪಿದರೆ, ಸೂಜಿ ಚುಚ್ಚಿಕೊಂಡರೆ, ನಿನ್ನ ಪರವಾಗಿ ನಿಲ್ಲುವ ಕಾಗದ ಯಾವುದೂ ಇರುವುದಿಲ್ಲ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ (ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ) ಮುಗಿಸಿದ್ದೀಯಾ? ಆಗಿಲ್ಲದಿದ್ದರೆ ಬೇರೆ ಖರ್ಚು ಹಿಂದಿಟ್ಟು ಅದನ್ನು ಮುಗಿಸು.

ಹಾಸ್ಟೆಲ್ ಖರ್ಚೇ ಸಮಸ್ಯೆಯಾದರೆ ರಾಜ್ಯದ ಹಾಸ್ಟೆಲ್ ಪೋರ್ಟಲ್‌ನಲ್ಲಿ ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲ್‌ಗೆ ಅರ್ಜಿ ಹಾಕು. ಮೊದಲ ವರ್ಷ ಸಿಗದವರು ಎರಡನೇ ವರ್ಷ ಅರ್ಜಿಯನ್ನೇ ಹಾಕುವುದಿಲ್ಲ, ಹಾಗೆ ಮಾಡಬೇಡ. ನೈಟ್ ಪೋಸ್ಟಿಂಗ್ ಇದ್ದಾಗ ಗೇಟಿನ ಸಮಯ, ಊಟದ ಸಮಯ ಹೊಂದುವುದಿಲ್ಲ. ಪ್ರಾಂಶುಪಾಲರಿಂದ ಡ್ಯೂಟಿ ಪಟ್ಟಿ ಸಹಿತ ಪತ್ರ ತಂದು ವಾರ್ಡನ್‌ಗೆ ಕೊಟ್ಟರೆ ಬುತ್ತಿ ಕಟ್ಟಿಕೊಡಲು ಕೇಳಬಹುದು. ಊರಿಂದ ಓಡಾಡುವುದಾದರೆ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ನೀನು ಟಿಕೆಟ್ ಹಣ ಕೊಡಬೇಕಿಲ್ಲ. ಹುಡುಗರು ವಿದ್ಯಾರ್ಥಿ ಪಾಸ್ ಮಾಡಿಸಬೇಕು. ದುಡಿಯಲೇಬೇಕಾದರೆ ಸಂಜೆ ಓಣಿಯ ಏಳೆಂಟು ಮಕ್ಕಳಿಗೆ ಒಂದೂವರೆ ತಾಸು ಟ್ಯೂಷನ್ ಹೇಳು. ವಾರಕ್ಕೆ ಎಂಟು–ಹತ್ತು ತಾಸು ಮೀರದಿರಲಿ.

ಪ್ರಶ್ನೆ: ಕಾಲೇಜಿನವರು ಮೂಲ ಅಂಕಪಟ್ಟಿ ಇಟ್ಟುಕೊಂಡಿದ್ದಾರೆ. ಪೋಸ್ಟಿಂಗ್ ಫೀಸು, ಪ್ರವಾಸ, ಯೂನಿಫಾರ್ಮ್ ಅಂತ ಆಗಾಗ ಹಣ ಕೇಳುತ್ತಾರೆ, ಬಿಳಿ ಚೀಟಿ ಕೊಡುತ್ತಾರೆ. ಏನು ಮಾಡಬೇಕು?
– ಭಾಲ್ಕಿ

ಉತ್ತರ: ಮೂಲ ದಾಖಲೆ ಪರಿಶೀಲಿಸಿ ಹಿಂದಿರುಗಿಸಬೇಕು, ಇಟ್ಟುಕೊಳ್ಳುವಂತಿಲ್ಲ. ವಿಶ್ವವಿದ್ಯಾಲಯಗಳಿಗೂ ಅವುಗಳ ಕಾಲೇಜುಗಳಿಗೂ ಯುಜಿಸಿ 2018ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದೆ. ಪ್ರಾಂಶುಪಾಲರಿಗೆ ಎರಡು ಸಾಲಿನ ಅರ್ಜಿ ಬರೆದು, ಅದರ ನಕಲಿನ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಹದಿನೈದು ದಿನ ಕಾದು, ಬಿ.ಎಸ್ಸಿ ಆದರೆ ವಿಶ್ವವಿದ್ಯಾಲಯದ ಕುಲಸಚಿವರಿಗೆ, ಜಿಎನ್‌ಎಂ ಆದರೆ ರಾಜ್ಯದ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಗೆ, ಎರಡಕ್ಕೂ ರಾಜ್ಯ ನರ್ಸಿಂಗ್ ಪರಿಷತ್ತಿಗೆ ಆ ನಕಲಿನ ಸಮೇತ ಬರೆಯಿರಿ. ನಾಲ್ಕೈದು ಮನೆಯವರು ಒಟ್ಟಿಗೆ ಬರೆದರೆ ಒಂದೇ ಮಗುವಿನ ಮೇಲೆ ಕಣ್ಣು ಬೀಳುವುದಿಲ್ಲ.

ಬಿಳಿ ಚೀಟಿ ಯಾವ ಲೆಕ್ಕಕ್ಕೂ ಬರುವುದಿಲ್ಲ. ಸರಿಯಾದ ರಶೀದಿಯಲ್ಲಿ ಅಚ್ಚಾದ ಕ್ರಮಸಂಖ್ಯೆ, ಕಾಲೇಜಿನ ಹೆಸರು, ದಿನಾಂಕ, ವಿದ್ಯಾರ್ಥಿಯ ಹೆಸರು, ಯಾವ ಬಾಬತ್ತಿಗೆ ಎಂಬ ವಿವರ, ಸಹಿ ಇರಬೇಕು. ‘ಇತರೆ’ ಎಂಬ ಒಂದೇ ಸಾಲಿನಲ್ಲಿ ದೊಡ್ಡ ಮೊತ್ತ ಇದ್ದರೆ ಬಿಡಿಸಿ ಬರೆಯಿರಿ ಎನ್ನಿ. ಬ್ಯಾಂಕು ಹಣ ಬಿಡುವುದಕ್ಕೂ, ವಿದ್ಯಾರ್ಥಿವೇತನ ಕೇಳುವುದಕ್ಕೂ, ಮುಂದೆ ದೂರು ಕೊಡುವುದಕ್ಕೂ ಬೇಕಾಗುವುದು ಆ ಕಾಗದವೇ. ಸಾಧ್ಯವಾದಷ್ಟು ಹಣವನ್ನು ಖಾತೆಗೇ ಹಾಕಿ, ಕೈಯಲ್ಲಿ ಕೊಡಬೇಡಿ. ಒಂದು ಮಾತು ಮಾತ್ರ ನ್ಯಾಯವಾಗಿ ಹೇಳಬೇಕು. ಪೋಸ್ಟಿಂಗ್ ಖರ್ಚು ಎಲ್ಲ ಸಲವೂ ಸುಳ್ಳಲ್ಲ. ಮನೋವೈದ್ಯಕೀಯ ಪೋಸ್ಟಿಂಗ್‌ಗೆ ಧಾರವಾಡಕ್ಕೋ ಬೆಂಗಳೂರಿಗೋ ಕಳಿಸಿದರೆ ಪ್ರಯಾಣ, ವಸತಿ, ಊಟ ಬಂದೇ ಬರುತ್ತವೆ. ಬಿ.ಎಸ್ಸಿಯಲ್ಲಿ ಅದು ಐದು, ಆರನೇ ಸೆಮಿಸ್ಟರ್‌ಗೆ ಬೀಳುತ್ತದೆ. ಎಲ್ಲಿಗೆ, ಎಷ್ಟು ದಿನ, ತಲೆಗೆ ಎಷ್ಟು ಎಂಬುದನ್ನು ಸೇರುವ ದಿನವೇ ಬರೆಸಿಕೊಂಡರೆ ಆ ಹಣವನ್ನು ವರ್ಷಕ್ಕಿಷ್ಟು ಎಂದು ಕೂಡಿಡಬಹುದು.

ಪ್ರಶ್ನೆ: ಸೀನಿಯರ್ ಅಕ್ಕ ತನ್ನ ಸ್ಟೆತಾಸ್ಕೋಪ್, ಬಿಪಿ ಉಪಕರಣ ಅರ್ಧ ಬೆಲೆಗೆ ಕೊಡುತ್ತೇನೆ ಎನ್ನುತ್ತಾಳೆ. ಕೊಳ್ಳಬಹುದೇ?
– ಸುರಪುರ

ಉತ್ತರ: ಧಾರಾಳವಾಗಿ, ಪರೀಕ್ಷೆ ಮಾಡಿ ಕೊಳ್ಳಿ. ಬಿಪಿ ಉಪಕರಣದ ಗಾಳಿ ಪೂರ್ತಿ ಬಿಟ್ಟಾಗ ಮುಳ್ಳು ಸರಿಯಾಗಿ ಸೊನ್ನೆಯ ಮೇಲೆ ನಿಲ್ಲಬೇಕು. ತೋಳಿಗೆ ಸುತ್ತುವ ಪಟ್ಟಿಯನ್ನು ಒಂದು ಗಟ್ಟಿ ಬಾಟಲಿಗೆ ಸುತ್ತಿ 200ರ ತನಕ ಗಾಳಿ ತುಂಬಿ, ತಿರುಪು ಬಿಗಿ ಮಾಡಿ ಒಂದು ನಿಮಿಷ ನೋಡಿ. ಮುಳ್ಳು ನಾಲ್ಕೈದಕ್ಕಿಂತ ಹೆಚ್ಚು ಇಳಿದರೆ ಎಲ್ಲೋ ಸೋರುತ್ತಿದೆ. ಬಲ್ಬ್ ಅಥವಾ ರಬ್ಬರ್ ಕೊಳವೆಯಾದರೆ ಬದಲಿಸಬಹುದು. ಮುಳ್ಳೇ ಸೊನ್ನೆಗೆ ಬರದಿದ್ದರೆ ಬಿಡಿ. ಸ್ಟೆತಾಸ್ಕೋಪಿನ ಕೊಳವೆ ಮಡಚಿ ನೋಡಿ, ಬಿರುಕು ಕಂಡರೆ ಬೇಡ. ಕಿವಿಗಿಡುವ ತುದಿಗಳನ್ನು ಮಾತ್ರ ಹೊಸದಾಗಿ ಹಾಕಿಸಿ. ಪುಸ್ತಕ ಹಳೆಯದಾದರೂ ನಡೆಯುತ್ತದೆ, ಆದರೆ 2021ರ ನಂತರದ ಸೆಮಿಸ್ಟರ್ ಪಠ್ಯಕ್ರಮಕ್ಕೆ ಹೊಂದುತ್ತದೆಯೇ ಎಂದು ನೋಡಿಕೊಳ್ಳಿ.

ಹೊಸದೇ ಕೊಳ್ಳಬೇಕಾದವು ಎರಡು. ಒಂದು ಬೂಟು: ಹಿಂದಿನವರ ಕಾಲಿಗೆ ಒಗ್ಗಿದ ಬೂಟಿನಲ್ಲಿ ಎಂಟು ತಾಸು ನಿಲ್ಲಲಾಗದು. ಇನ್ನೊಂದು ಸೆಕೆಂಡು ಮುಳ್ಳಿರುವ ಸಾದಾ ಗಡಿಯಾರ. ನಾಡಿ, ಉಸಿರು ಎಣಿಸುವಾಗ ಕಣ್ಣು ರೋಗಿಯ ಎದೆಯ ಮೇಲೂ ಮುಳ್ಳಿನ ಮೇಲೂ ಒಟ್ಟಿಗೆ ಇರಬೇಕು. ಮಿನುಗುವ ಅಂಕಿಗಳ ಗಡಿಯಾರದಲ್ಲಿ ಎಣಿಕೆ ತಪ್ಪುತ್ತದೆ. ಸೂಪರ್ ಮಾರ್ಕೆಟ್ ಕಡೆ ಹೋದಾಗ ಒಂದು ಕೊಂಡುಬಿಡಿ, ನಾಲ್ಕೂ ವರ್ಷ ಬಾಳುತ್ತದೆ.